ಮಿಠಾಯಿ ಬಂತು, ತಮ್ಮ ಕಾನೂನು ಬರಲಿಲ್ಲ

ಟೊರೊಂಟೊದ ಗಾಂಜಾ ಮಿಠಾಯಿ ಅಂಗಡಿಯ ಮಾಲೀಕರ ಸನ್ನಿಧಾನಕ್ಕೆ,

ಪರಮ ಮಾನ್ಯರೇ,

ಮಸ್ಕತ್ತಿನ ಅಲ್ ಖುವೈರಿನಿಂದ ಭೋಜರಾಜನೆಂಬ ಗುಮಾಸ್ತನ ಅನಂತ ನಮಸ್ಕಾರಗಳು. ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ ಮೇಲೆ ತಮ್ಮಲ್ಲಿ ಅಪರಾಧ ಕಡಿಮೆಯಾಗಿದೆಯೆಂದು ತಮ್ಮ ಪೊಟ್ಟಣದೊಳಗಿನ ಚೀಟಿಯಲ್ಲಿ ಓದಿ ಪರಮಾನಂದವಾಯಿತು. ಕಡಿಮೆಯಾದದ್ದು ಎಲ್ಲಿಗೆ ಹೋಯಿತೆಂದು ಮಾತ್ರ ತಾವು ಬರೆದಿಲ್ಲ. ಅದರಲ್ಲೊಂದು ನಮ್ಮ ಮನೆಗೆ ಬಂದಿದೆ.

ತಂದವನು ನನ್ನ ಅಕ್ಕನ ಮಗ ಸುಕೇಶ್. ಅಲ್ಲಿ ಓದು ಮುಗಿಸಿ ಊರಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿ ನಾಲ್ಕು ದಿನ ತಂಗಲು ಬಂದ. ನಿದ್ದೆಗೆಂದು ಕೊಂಡ ತಮ್ಮ ಮಿಠಾಯಿ ಅವನ ಪೆಟ್ಟಿಗೆಯಲ್ಲಿತ್ತು. ಅದಕ್ಕೆ ಕರಡಿಮರಿಯ ಆಕಾರ ಕೊಟ್ಟು ಸಕ್ಕರೆ ಹಚ್ಚಿದ ತಮ್ಮ ಕಲಾವಂತಿಕೆಯನ್ನು ಎಷ್ಟು ಹೊಗಳಿದರೂ ಸಾಲದು! ಫಾರಿನ್ನಿನಿಂದ ಬಂದವರ ಪೆಟ್ಟಿಗೆಯನ್ನು ಮನೆಯ ಹೆಂಗಸರೇ ಬಿಚ್ಚಿ, ಚಾಕಲೇಟನ್ನು ಬಿಲ್ಡಿಂಗಿಗೆಲ್ಲ ಹಂಚುವುದು ನಮ್ಮ ಪದ್ಧತಿ. ಸುಕೇಶ್ ಪೇಟೆಗೆ ಹೋಗಿದ್ದಾಗ ನನ್ನ ಹೆಂಡತಿ ಸುಂದರಿ ಶ್ರದ್ಧೆಯಿಂದ ಅದನ್ನೇ ಮಾಡಿದಳು; ಶುಕ್ರವಾರದ ಭಜನೆಯಲ್ಲಿ ಪಂಚಕಜ್ಜಾಯದ ಪಕ್ಕ ತಮ್ಮ ಕರಡಿಮರಿಗಳೂ ಕುಳಿತವು.

ಪರಿಣಾಮ ಅಮೋಘ. ಮಂಗಳದ ಹಾಡು ಮುಕ್ಕಾಲು ಗಂಟೆಯಾದರೂ ಮುಗಿಯಲಿಲ್ಲ. ಇಷ್ಟು ವರ್ಷ ಬಾಗಿಲಲ್ಲೇ ನಿಂತು ಪ್ರಸಾದ ಒಯ್ಯುತ್ತಿದ್ದ ಪಕ್ಕದ ಮನೆಯ ಡೊರೊತಿಬಾಯಿ ಒಳಗೆ ಬಂದು ತಾಳ ಹಾಕಿದರು. ಆದರೆ ನಮ್ಮ ಬಿಲ್ಡಿಂಗಿನಲ್ಲೇ ಇರುವ ಮೈಸೂರಿನ ಸರಸ್ವತಮ್ಮನವರು, ಎಪ್ಪತ್ತು ದಾಟಿದ ಬಿಪಿಯ ಜೀವ, ರುಚಿಯೆಂದು ಮೂರು ತಿಂದು ಕುಸಿದುಬಿದ್ದರು.

ಏನು ತಿಂದರೆಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು. ಪೊಟ್ಟಣದ ಚೀಟಿಯನ್ನು ನಾನು ಓದಿದ್ದು ಆಸ್ಪತ್ರೆಯ ದಾರಿಯಲ್ಲಷ್ಟೇ. ಹೇಳಿದರೆ ಅಳಿಯ ಜೈಲಿಗೆ, ಹೇಳದಿದ್ದರೆ ಆ ತಾಯಿಯ ಗತಿ ಏನು? ನಾನು ನೆಲ ನೋಡುತ್ತ ನಿಂತೆ, ನಾಚಿಕೆಯಾಗಬೇಕು ನನಗೆ. ಓಡಿ ಬಂದ ಸುಕೇಶನೇ ಎಲ್ಲ ಹೇಳಿಬಿಟ್ಟ. “ಹೆದರಬೇಡಿ ಮಾವ, ಅಂಗಡಿಯ ಬಿಲ್ ಉಂಟಲ್ಲ” ಎಂದು, ಆಸ್ಪತ್ರೆಯವರು ಕರೆಸಿದ ಪೊಲೀಸರಿಗೂ ಅದನ್ನೇ ತೋರಿಸಿದ. ದಿನಾಂಕ, ತೂಕ, ಒಳಗೇನಿದೆಯೆಂಬುದೆಲ್ಲ ಅಷ್ಟು ಸ್ಫುಟವಾಗಿ ಅಚ್ಚಾಗಿದ್ದ ತಮ್ಮ ಬಿಲ್ಲನ್ನು ಕಂಡು ಅವರಿಗೆ ಬೇರೆ ಸಾಕ್ಷಿಯೇ ಬೇಕಾಗಲಿಲ್ಲ. ಖಲಾಸ್!

ಸರಸ್ವತಮ್ಮ ಉಳಿದರು. ಮೂರನೆಯ ದಿನ ಮನೆಗೆ ಬಂದವರೇ “ಆ ಮಿಠಾಯಿ ಎಲ್ಲಿ ಸಿಗತ್ತಪ್ಪ?” ಎಂದು ಕೇಳಿದರು. ತಮಗೊಬ್ಬ ಗಿರಾಕಿ ಹೆಚ್ಚಾದಂತಾಯಿತು.

ಆದ್ದರಿಂದ ಮಹಾಸ್ವಾಮಿ, ನನ್ನದೊಂದೇ ಬಿನ್ನಹ. ಮುಂದಿನ ಸಲ ಪೊಟ್ಟಣದಲ್ಲಿ ಕರಡಿಮರಿಗಳ ಜೊತೆ ತಮ್ಮ ಕಾನೂನನ್ನೂ ಒಂದಿಷ್ಟು ಕಟ್ಟಿ ಕಳಿಸಿ. ಗಡಿ ದಾಟುವಾಗ ಅದೊಂದೇ ಹಿಂದೆ ಉಳಿದುಬಿಡುತ್ತದೆ.

ತಮ್ಮ ವಿಶ್ವಾಸಿ,
ಸುಕೇಶನ ಸೋದರಮಾವ
ಭೋಜರಾಜ

ತಾ.ಕ.: ತೃಪ್ತಿಯಾಗದಿದ್ದರೆ ಮೂವತ್ತು ದಿನದೊಳಗೆ ಮರಳಿಸಬಹುದೆಂದೂ ಚೀಟಿಯಲ್ಲಿದೆ. ಕೊಂಡು ಇಂದಿಗೆ ಇಪ್ಪತ್ತೆಂಟು. ಉಳಿದ ನಾಲ್ಕು ಕರಡಿಮರಿಗಳು ಪೊಲೀಸರಲ್ಲಿವೆ, ಹುಡುಗನೂ ಅಲ್ಲೇ ಇದ್ದಾನೆ. ಕರಡಿಮರಿ ತಾವು ಇಟ್ಟುಕೊಳ್ಳಿ, ಹುಡುಗನನ್ನು ನಮಗೆ ಮರಳಿಸಿ. ಫ್ಲೈಟು ತಡವೆಂದು ಅಕ್ಕನಿಗೆ ಹೇಳುತ್ತಾ ಬಂದಿದ್ದೇನೆ. ಏರ್‌ಪೋರ್ಟಿಗೆ ಯಾವತ್ತು ಬರಬೇಕೆಂದು ಅವಳು ಇವತ್ತೂ ಕೇಳಿದಳು.