ಎರಡೂ ಕೈಯಲ್ಲಿ ಭಂಡಾರ

ಟಿಕೋಟಾದ ದ್ರಾಕ್ಷಿ ಬೆಳೆಗಾರರ ಸೊಸೈಟಿಯ ಗುಮಾಸ್ತ ಮಾಳು ಅಂದು ಬೆಳಿಗ್ಗೆ ಒಂದು ಸಣ್ಣ ಸುಳ್ಳು ಹೇಳಿದ. ಮುಂದಿನ ಫಜೀತಿಗೆಲ್ಲ ಅದೇ ಮೂಲ.

ಸೊಸೈಟಿಯ ಕಚೇರಿ ಇದ್ದದ್ದು ಮಹಡಿಯ ಮೇಲೆ. ಕೆಳಗಿನ ಹಾಲಿನಲ್ಲಿ ಕಾರ್ಯದರ್ಶಿ ಬಸಗೊಂಡಪ್ಪನವರ ಸ್ವಂತ ಒಣದ್ರಾಕ್ಷಿಯ ಬಾಕ್ಸುಗಳು ಬೀಗರಂತೆ ಹಾಯಾಗಿ ಬೀಡುಬಿಟ್ಟಿದ್ದವು. ಪೋಲಿಯೊ ಕಾಲಿಗೆ ಆಸರೆಯ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ದಿನಾ ಮೆಟ್ಟಿಲು ಹತ್ತಿ ಸಾಕಾದ ಮಾಳು, ಗುಟ್ಟಾಗಿ ಅಂಗವಿಕಲರ ಹಕ್ಕುಗಳ ಆಯುಕ್ತರಿಗೆ ದೂರು ಕೊಟ್ಟಿದ್ದ. ಹೆಸರು ಬಯಲಾದರೆ ಕಾಖಂಡಕಿ ಶಾಖೆಗೆ ಎತ್ತಂಗಡಿ ಖಾತ್ರಿ.

ತನಿಖೆಗೆ ಅಧಿಕಾರಿ ಬರುತ್ತಾರೆಂದು ತಿಳಿದ ಬಸಗೊಂಡಪ್ಪ ಮೊದಲು ಹಿಡಿದದ್ದು ಮಾಳುವನ್ನೇ.

"ಏನ್ಲೇ ಮಾಳು, ಮೆಟ್ಟಲಾ ಹತ್ತಾಕ ತ್ರಾಸ ಆಗತೈತೇನು?"

"ಛೇ ಛೇ, ಇಲ್ಲರಿ ಸಾಹೇಬ್ರ! ಹತ್ತಿದಷ್ಟೂ ಕಾಲು ಗಟ್ಟಿ ಆಗತೈತಿ ಅಂತ ಡಾಕ್ಟರ್ ಹೇಳ್ಯಾರ್ರಿ."

ಮಧ್ಯಾಹ್ನ ವಿಜಯಪುರದಿಂದ ಅಧಿಕಾರಿ ನಿರ್ಮಲಾ ಬಂದರು. ಎಲ್ಲ ನೋಡಿ, ಕಚೇರಿ ಕೂಡಲೇ ಕೆಳಗಿಳಿಯಬೇಕೆಂದು ಆದೇಶಿಸಿದರು. ಬಸಗೊಂಡಪ್ಪ ಒಂದು ಬಾಕ್ಸ್ ಒಣದ್ರಾಕ್ಷಿ ಮುಂದಿಟ್ಟು ಹಲ್ಲು ಕಿರಿದರು. "ದೂರು ಕೊಟ್ಟವ್ರ ಹೆಸರು ಅಷ್ಟ ಹೇಳ್ರಿ ಮೇಡಂ."

"ನಮ್ಮ ಯಜಮಾನ್ರು ಕೇಳಿದ್ರೂ ಹೇಳಂಗಿಲ್ರಿ. ಯಾರನ್ನರ ವರ್ಗಾ ಮಾಡಿದ್ರ ಮತ್ತ ಬರ್ತೀನಿ, ನೆನಪಿರ್ಲಿ."

ಬಾಕ್ಸನ್ನು ಮುಟ್ಟದೆ, ಮಾಳುವಿನ ಕಡೆ ಅಪ್ಪಿತಪ್ಪಿಯೂ ನೋಡದೆ ಆಕೆ ಜೀಪು ಹತ್ತಿದರು. ಎಂಥ ಹೆಣ್ಣುಮಗಳು! ಓಡಿಹೋಗಿ ಕಾಲಿಗೆ ಬೀಳಬೇಕೆನಿಸಿತು ಮಾಳುವಿಗೆ.

ಬಸಗೊಂಡಪ್ಪ ಬಿಡಲಿಲ್ಲ. ಅಮೋಘಸಿದ್ಧ ದೇವರ ಭಂಡಾರ ತುಂಬಿದ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಆ ಹಳದಿ ಪುಡಿ ಮುಟ್ಟಿ ಸುಳ್ಳಾಡುವ ಧೈರ್ಯ ಆ ಸೀಮೆಯಲ್ಲಿ ಯಾರಿಗೂ ಇಲ್ಲ.

"ದೂರು ಕೊಡದವ್ರು ಭಂಡಾರ ಮುಟ್ಟಿ ಆಣಿ ಮಾಡ್ರಿ!"

ಮಾಳು ಕುರ್ಚಿಯಿಂದ ಏಳಲಿಲ್ಲ. ಕ್ಯಾಷಿಯರ್ ಕಸ್ತೂರಿ ಅವನನ್ನೊಮ್ಮೆ ನೋಡಿ, ಕೈಕಟ್ಟಿ ನಿಂತಳು.

"ನಾ ಮುಟ್ಟಂಗಿಲ್ರಿ. ಏನ್ ಮಾಡ್ತೀರಿ ಮಾಡ್ರಿ."

"ನಾನೂ ಮುಟ್ಟಂಗಿಲ್ರಿ," ಎಂದ ಜವಾನ ಪ್ರಲ್ಹಾದ, ಬಾಗಿಲಲ್ಲೇ ನಿಂತು.

ಮಾಳುವಿನ ಕಣ್ಣು ತುಂಬಿ ಬಂತು. ಇವರಿಗೆ ಗುಟ್ಟು ಎಂದೋ ಗೊತ್ತಿತ್ತು! ತನ್ನನ್ನು ಉಳಿಸಲು ತಾವೇ ತಲೆ ಕೊಡುತ್ತಿದ್ದಾರೆ. ಇಂಥ ಬಂಗಾರದಂಥ ಮಂದಿಯ ಮುಂದೆ ಇನ್ನು ಬಚ್ಚಿಟ್ಟುಕೊಳ್ಳುವುದು ನಾಚಿಕೆಗೇಡು. "ಸಾಹೇಬ್ರ, ಅದು ನಾ..." ಎನ್ನುತ್ತ ತಟ್ಟನೆ ಎದ್ದ. ಕುಳಿತಾಗ ಬಿಚ್ಚಿದ್ದ ಕ್ಯಾಲಿಪರಿನ ಮೊಣಕಾಲಿನ ಕೊಂಡಿಯನ್ನು ಅವಸರದಲ್ಲಿ ಹಾಕುವುದು ಮರೆತೇಹೋಗಿತ್ತು. ಮುಗ್ಗರಿಸಿ ಮೇಜಿನ ಮೇಲೆ ಬಿದ್ದವನ ಎರಡೂ ಕೈ ಸೀದಾ ತಟ್ಟೆಯೊಳಗೆ! ಭಂಡಾರ ಹಾರಿ ಬಾಯಿಗೂ ಹೊಕ್ಕು, ಉಳಿದ ಮಾತು ಕೆಮ್ಮಿನಲ್ಲಿ ಮುಳುಗಿತು.

ಬಸಗೊಂಡಪ್ಪ ಅವನನ್ನು ಎತ್ತಿ ಗಟ್ಟಿಯಾಗಿ ತಬ್ಬಿಕೊಂಡರು. "ನೋಡ್ರಿ! ಎರಡೂ ಕೈಲೆ ಮುಟ್ಟ್ಯಾನ! ನಿಯತ್ತಿನ ಮನಶಾ ಅಂದ್ರ ಇವನ!"

ಸಂಜೆಯೊಳಗೆ ಕಚೇರಿ ಕೆಳಗಿಳಿಯಿತು. ಒಣದ್ರಾಕ್ಷಿ ಬಾಕ್ಸುಗಳು ಮೇಲೇರಿದವು. ಬಸಗೊಂಡಪ್ಪ ಮಹಡಿಯ ಕೀಲಿಕೈಯನ್ನು ಮಾಳುವಿನ ಹಳದಿ ಅಂಗೈಯಲ್ಲಿಟ್ಟರು.

"ನಾಳಿಯಿಂದ ನಿನ್ನ ಟೇಬಲ್ ಮ್ಯಾಲ, ಬಾಕ್ಸಿನ ಹಂತ್ಯಾಕ. ಮಾಲು ಕಾಯಾಕ ನಂಬಿಗಸ್ತ ನೀ ಒಬ್ಬನ. ಮತ್ತ ಮೆಟ್ಟಲಾ ಹತ್ತಿದ್ರ ನಿನ್ನ ಕಾಲೂ ಗಟ್ಟಿ ಆಗತೈತೆಲ್ಲಾ!"

ಮರುಕ್ಷಣವೇ ಮಾಳು ಮೂಲೆಗೆ ಸರಿದು ನಿರ್ಮಲಾ ಮೇಡಂಗೆ ಫೋನ್ ಹಚ್ಚಿದ.

"ಇನ್ನೊಂದು ದೂರು ಐತ್ರಿ ಮೇಡಂ."

"ಕೊಡ್ರಿ. ನಿಮ್ಮ ಹೆಸರು ಯಾರಿಗೂ ಹೇಳಂಗಿಲ್ಲ."

"ಹೇಳೂದು ಯಾಕ ಬೇಕ್ರಿ?" ಮಾಳುವಿಗೆ ಅಳುವೇ ಬಂತು. "ಮ್ಯಾಲ ಇನ್ನ ನಾ ಒಬ್ಬನ ಇರಾಂವ!"