ಸುಂಕ ಕಟ್ಟಿದ ಕೋಲು

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ನಾನು ಶಾಲೆಯಲ್ಲಿ ಕಲಿತದ್ದು ಎರಡು ಕ್ಲಾಸು, ಮಿಕ್ಕದ್ದೆಲ್ಲ ಅವ್ವನ ಬಾಯಿಂದ. ಆದರೂ ಈ ವಯಸ್ಸಿನಲ್ಲಿ ಆ ಮಾತು ಮೀರಿದೆ.

ಆದದ್ದಿಷ್ಟು. ಬಲಭುಜ ಹಿಡಿದುಕೊಂಡು ಮುದ್ದೆ ತಿರುವಲಾಗದೆ, ಒಲೆಯ ಮುಂದಿನ ನನ್ನ ಜಾಗ ಸೊಸೆ ಸರೋಜಳ ಪಾಲಾಯಿತು. ಮುದ್ದೆಯನ್ನು ನುಂಗಬೇಕು, ಅವಳದನ್ನು ಅಗಿಯಬೇಕು. ಇದಕ್ಕಿಂತ ಹೆಚ್ಚು ಹೇಳಿದರೆ ಅತ್ತೆಯ ಬಾಯಿ ಎನ್ನುತ್ತಾರೆ. ನನ್ನ ಗೊಣಗಾಟ ತಾಳದೆ ಮೊಮ್ಮಗಳು ಭಾಗ್ಯ ಫೋನಿನಲ್ಲೇ ಹೊರದೇಶದಿಂದ ಭುಜ ತಿಕ್ಕಿಕೊಳ್ಳುವ ಕೋಲೊಂದನ್ನು ತರಿಸಿದಳು. ಅದು ಸಮುದ್ರ ದಾಟಿ ಬಂದು ತಳಕು ಊರಿನ ಅಂಚೆ ಕಚೇರಿಯಲ್ಲಿ ಕುಳಿತಿತು. ಸುಂಕ ಕಟ್ಟಿದರೆ ಮಾತ್ರ ಮೇಲೇಳುತ್ತದಂತೆ.

ಸುಂಕ ನನಗೇನು ಹೊಸದೇ? ಚಳ್ಳಕೆರೆ ಸಂತೆಗೆ ಬದನೆಕಾಯಿ ಹೊರುತ್ತಿದ್ದ ಕಾಲದಲ್ಲಿ ಸುಂಕದ ಈರಣ್ಣ ಬುಟ್ಟಿಗೇ ಕೈ ಹಾಕಿ ಸಿಕ್ಕಷ್ಟು ಎತ್ತುತ್ತಿದ್ದ. ಕೈಯೋ ಮೊರದಗಲ. ಅವನು ಬರುವುದು ಕಂಡರೆ ಹುಳುಕು ಕಾಯಿಗಳನ್ನು ಮೇಲೆ ಜೋಡಿಸುತ್ತಿದ್ದೆ. ಅದೇ ತಿಳಿವಳಿಕೆಯಲ್ಲಿ ಎರಡು ಸೇರು ಶೇಂಗಾ ಒಯ್ದು ಅಂಚೆ ಮಾಸ್ತರರ ಮೇಜಿನ ಮೇಲೆ ಸುರಿದು, ಕೈ ಹಾಕಿರಿ ಎಂದೆ. ಅವರ ಕೈ ಚಿಕ್ಕದಿತ್ತು. ಒಳಗೊಳಗೇ ಖುಷಿಪಟ್ಟೆ.

“ಅಜ್ಜಿ, ಇದು ಸರ್ಕಾರದ ಸುಂಕ. ಶೇಂಗಾ ಜಮಾ ಮಾಡಾಕೆ ಈ ರಸೀದಿನಾಗೆ ಎಲ್ಲೈತೆ ಜಾಗ?”

“ಹಂಗಾದ್ರೆ ಕೋಲಿನಾಗೇ ಒಂದು ಗೇಣು ಕೊಯ್ಕಳ್ರಿ.”

ಅದಕ್ಕೂ ಒಪ್ಪಲಿಲ್ಲ. ಆಗಲೇ ಅವ್ವನ ಮಾತು ಮೀರಿದ್ದು. ಭುಜ, ಒಲೆ, ಸರೋಜಳ ಮುದ್ದೆ ಎಲ್ಲವನ್ನೂ ಹೇಳಿದೆ. ಮಾಸ್ತರರು ಶೇಂಗಾ ಸುಲಿಯುತ್ತ ಪೂರ್ತಿ ಕೇಳಿ, ಪಾಪ ಎಂದು, ಕಾಸೊಂದೂ ಬಿಡದೆ ಎಣಿಸಿಕೊಂಡು ರಸೀದಿ ಹರಿದುಕೊಟ್ಟರು.

ಮನೆಗೆ ಬಂದು ಡಬ್ಬಿ ಬಿಚ್ಚಿದರೆ ಒಳಗಿದ್ದದ್ದು ಮುದ್ದೆ ಕೋಲು. ಯಜಮಾನರು ಬೇವಿನ ಕೊಂಬೆಯಲ್ಲಿ ಕೆತ್ತಿಕೊಟ್ಟು, ನಲವತ್ತು ವರ್ಷ ಹಿಟ್ಟಿನಲ್ಲಿ ತಿರುಗಿದ ಕೋಲಿನದೇ ಉದ್ದ, ಅದೇ ದಪ್ಪ.

“ಇದು ಬ್ಯಾರೆ ಅಜ್ಜಿ,” ಎಂದಳು ಭಾಗ್ಯ.

“ಏನು ಬ್ಯಾರೆ?”

ಅವಳು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. “ಇದಕ್ಕೆ ಸುಂಕ ಕಟ್ಟೀವಿ.”

ಎಂಟು ದಿನ ಅದರಲ್ಲಿ ತಿಕ್ಕಿಸಿಕೊಂಡೆ. ಕೋಲು ನುಣುಪಾಯಿತು, ಭುಜ ಇದ್ದಂತೆಯೇ ಇತ್ತು. ಒಂಬತ್ತನೇ ದಿನ ಬೇವಿನ ಕೋಲು ಸರೋಜಳ ಮುದ್ದೆಯೊಳಗೇ ಲಟಕ್ಕನೆ ಮುರಿಯಿತು. ಮರದ ತಾಳ್ಮೆಗೂ ಒಂದು ಮಿತಿ ಇರುತ್ತದೆ. ಅವಳು ನನ್ನ ಮುಂದೆ ಬಂದು ನಿಂತಳು.

“ಅತ್ತೆ, ನಿಮ್ಮ ಫಾರಿನ್ ಕೋಲು ಕೊಡ್ರಿ. ಹಿಟ್ಟು ಒಲೆ ಮ್ಯಾಲೈತೆ.”

“ಸುಂಕ?” ಎಂದೆ.

“ಏನು ಕೊಡ್ಲಿ?”

“ಅತ್ಲಾಗೆ ಸರಿ.”

ಸರಿದಳು. ನನ್ನ ಜಾಗದಲ್ಲಿ ಕುಳಿತು ಮುದ್ದೆ ತಿರುವಿದೆ. ಭುಜದಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ನೋವೇನ್ರಿ ಅತ್ತೆ ಎಂದು ಸರೋಜ ಕೇಳಿದಳು. ನಾನು ತುಟಿ ಬಿಚ್ಚಲಿಲ್ಲ. ಸುಖದುಃಖ ಹೇಳಿಕೊಳ್ಳುವುದು ಸುಂಕ ಕಟ್ಟುವವರ ಕೆಲಸ, ವಸೂಲಿ ಮಾಡುವವರದಲ್ಲ.