ವಿಶ್ವಕೋಶದಲ್ಲಿ ನನ್ನ ನಾಲಿಗೆ

ನಾನು ಬಾಯಿ ತೆರೆದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಊರಲ್ಲಿದ್ದಾಗ ಪಂಚಾಯ್ತಿ ಕಟ್ಟೆಯ ಮೇಲೆ ಆಗುತ್ತಿತ್ತು, ಹೈದರಾಬಾದಿಗೆ ಬಂದ ಮೇಲೆ ಎಸಿ ರೂಮಿನಲ್ಲಿ ಆಗತೊಡಗಿತು. ಅಷ್ಟೇ ಫರಕು.

ಓಣಿಗೊಂದು ಐಟಿ ಕಂಪನಿ ಏಳುತ್ತಿದ್ದ ಕಾಲ. ಕನ್ನಡ ವಿಶ್ವಕೋಶದ ಸಿ.ಡಿ. ಮಾಡುವ ಕಂಪನಿಯೊಂದು ನನ್ನನ್ನು ಆರಿಸಿತು. ಆರಿಸದೆ ಏನು ಮಾಡೀತು? ಇಡೀ ತಾಲ್ಲೂಕಿನಲ್ಲಿ ನನ್ನಂಗೆ ಬರೆಯುವ ಗಂಡು ಇನ್ನೊಬ್ಬನಿಲ್ಲ. ಕೊಟ್ಟ ವಿಷಯ ಹಳೆಯ ಪ್ರಚಾರಚಿತ್ರಗಳು. ತಮ್ಮನ್ನು ತಾವೇ ಹೊಗಳಿಕೊಳ್ಳಲು ಸರ್ಕಾರಗಳು ತೆಗೆಸಿದ ಸಿನಿಮಾಗಳು. ಷರತ್ತು ಒಂದೇ: ಸ್ವಂತ ಅಭಿಪ್ರಾಯ ಇಣುಕಬಾರದು. ಇಣುಕಿದರೆ ನೌಕರಿ ಕಾಯಂ ಇಲ್ಲ. ಶಂಶಾಬಾದಿನಲ್ಲಿ ಗೌಂಡಿಯಾಗಿದ್ದ ಸೋದರಮಾವನ ಹಿಂದೆ ಸಿಮೆಂಟ್ ಬುಟ್ಟಿ ಹೊರಬೇಕು.

೧. ಮೊದಲ ಸಾಲು

ನನ್ನ ಮೊದಲ ಲೇಖನ ಶುರುವಾದದ್ದೇ ಹೀಗೆ: “ಇಂಥ ಹಸಿ ಸುಳ್ಳಿನ ಸಿನಿಮಾ ಜಗತ್ತಿನಲ್ಲೇ ಇನ್ನೊಂದಿಲ್ಲ.”

ಸಂಪಾದಕಿ ಮೇಡಂ ಕರೆದರು. ಅವರೂ ಮೂಲತಃ ನಮ್ಮ ಕಡೆಯವರೇ.

“ಇಂಥಾ ಸಿನಿಮಾ ಎಷ್ಟು ನೋಡೀರಿ?”

“ಇದೊಂದ ರೀ.”

“ಪೂರಾ ನೋಡೀರಿಲ್ಲೋ?”

“ಇಲ್ರೀ. ಸುಳ್ಳು ಅಂತ ಗೊತ್ತಾದ ಕೂಡ್ಲೇ ಬಂದ್ ಮಾಡ್ದೆ.”

೨. ‘ರು’

ಆಮೇಲೆ ಬರೀ ಸಂಗತಿ ಬರೆದೆ. “ಸೇನಾಪತಿ ಕುದುರೆ ಏರಿ ಬಂದರು. ಸರ್ವಾಧಿಕಾರಿ ಬಂದ, ಕೈ ಎತ್ತಿದ, ಒದರಿದ.”

ಮೇಡಂ ಪೆನ್ನಿನಿಂದ ಕುಟ್ಟಿದರು. “ಅವರು ಬಂದರು, ಇವ ಬಂದ. ಈ ‘ರು’ ಯಾರ ಅಭಿಪ್ರಾಯ?”

ಮುಖ ಸಣ್ಣದಾಯಿತು. ತಿದ್ದುವ ಹುರುಪಿನಲ್ಲಿ ಕುಳಿತು ಕಂಡಕಂಡವರಿಗೆಲ್ಲ ಗೌರವ ಕೊಟ್ಟುಬಿಟ್ಟೆ. ಮರುದಿನ ಮೇಡಂ ಇಡೀ ಆಫೀಸಿಗೆ ಕೇಳುವಂತೆ ಓದಿದರು: “ಸರ್ವಾಧಿಕಾರಿಯವರ ಹಿಂದೆ ಅವರ ನಾಯಿಯವರು ಬಂದು ಬಾಲ ಅಲ್ಲಾಡಿಸಿದರು.”

ತೆಲುಗು ವಿಭಾಗದ ಹುಡುಗಿಯರಿಗೆ ಯಾರೋ ಅರ್ಥ ಬೇರೆ ಹೇಳಿದರು. ಅಂದಿನಿಂದ ನಾನು ಒಳಗೆ ಕಾಲಿಟ್ಟರೆ ಸಾಕು, “ಕುಕ್ಕಗಾರು ವಚ್ಚಾರು!” ನಾಯಿಯವರು ಬಂದರು ಅಂತ.

೩. ಆಧಾರ

ಕೊನೆಯದು, ಅಣೆಕಟ್ಟು ಕಟ್ಟುವ ಕೂಲಿಗಳು ಬುಟ್ಟಿ ಹೊತ್ತು ನಗುನಗುತ್ತ ಹಾಡುವ ಚಿತ್ರ. “ಕೂಲಿಗಳು ಹೀಗೆ ನಗುವುದಿಲ್ಲ” ಎಂದು ಬರೆದೆ.

“ಆಧಾರ ತರ್ರಿ,” ಅಂದರು ಮೇಡಂ. “ಇದು ಪಾಸಾದ್ರ ನೀವು ಕಾಯಂ.”

ಬೇರೆಯವರಾಗಿದ್ದರೆ ಪುಸ್ತಕ ಹುಡುಕುತ್ತಿದ್ದರು. ನಾನು ಶಂಶಾಬಾದಿಗೆ ಹೋಗಿ ಮಾವನನ್ನೇ ಕರೆತಂದೆ, ಸಿಮೆಂಟು ಮೆತ್ತಿದ ಅಂಗಿಯಲ್ಲೇ. ಮೇಡಂ ನಕ್ಕರು, ಕುರ್ಚಿ ಕೊಟ್ಟರು, ಚಹಾ ತರಿಸಿದರು.

ಚಹಾ ಹೀರಿದ ಮಾವ ಕೂಲಿಗಳ ಸುದ್ದಿಗೆ ಬರಲೇ ಇಲ್ಲ. ಮೇಡಂ ಮುಖ ನೋಡಿ ಮರುಗಿದ. “ನಮ್ಮ ಹುಡುಗನ ಕೈಕೆಳಗ ಇರಾಕಿ ನೀವ ಏನ್ರೀ ಅಕ್ಕಾರ? ನೀವು ಬರದದ್ದೆಲ್ಲಾ ತಪ್ಪಿರತೈತಂತ, ಪಾಪ, ಇವನ ಕುಂತು ತಿದ್ದತಾನಂತ. ಚಿಂತಿ ಮಾಡಬ್ಯಾಡ್ರಿ. ನಿಮ್ಮ ನೌಕರಿ ಕಾಯಂ ಮಾಡು ಅಂತ ನಾ ಹೇಳತೀನಿ ಇವಂಗ.”

ಎಸಿ ಓಡುತ್ತಿತ್ತು, ನಾನು ಬೆವರುತ್ತಿದ್ದೆ. ಮಾವನನ್ನು ಬಸ್ಸು ಹತ್ತಿಸಿ, ತಲೆ ತಗ್ಗಿಸಿಕೊಂಡು ಒಳಗೆ ಬಂದೆ.

“ಮೇಡಂ, ನಂದು ಕಾಯಂ ವಿಷಯ...”

“ನನಗ್ಯಾಕ ಕೇಳತೀರಿ ಸಾಹೇಬ್ರ?” ಅಂದರು ಮೇಡಂ. “ನಾ ನಿಮ್ಮ ಕೈಕೆಳಗಿನಾಕಿ.”